ವ್ಯಾಯಾಮಕ್ಕೂ ಒಂದು ದಿನದ ಪಾಸು ಬೇಕು

ಮಾನ್ಯ ಸಂಪಾದಕರೇ,

ದಿನಕ್ಕೆ ಹತ್ತು ಸಾವಿರ ಹೆಜ್ಜೆ ನಡೆದರೆ ಸಾಕು, ಬೇರೇನೂ ಬೇಡ ಎಂಬ ಅರ್ಥದ ಪತ್ರವೊಂದು ಕಳೆದ ವಾರ ಈ ಅಂಕಣದಲ್ಲಿ ಬಂದಿತ್ತು. ಬರೆದವರು ಹೆಚ್ಚುಕಮ್ಮಿ ನನ್ನ ವಯಸ್ಸಿನವರೇ ಇರಬೇಕು. ನಡಿಗೆಯ ಬಗ್ಗೆ ಅವರು ಹೇಳಿದ್ದೆಲ್ಲ ಸರಿ. ‘ಬೇರೇನೂ ಬೇಡ’ ಅನ್ನುವುದಕ್ಕೆ ಮಾತ್ರ ನನ್ನ ತಕರಾರು. ಪತ್ರ ಸ್ವಲ್ಪ ಉದ್ದವಾಗುತ್ತದೆ. ಕತ್ತರಿಸುವುದಾದರೆ ನಡುವೆ ಎಲ್ಲಾದರೂ ಕತ್ತರಿಸಿ, ಕೊನೆಯ ಬೇಡಿಕೆಯನ್ನು ಉಳಿಸಿ.

ಮೊದಲು ಆ ಹತ್ತು ಸಾವಿರದ ಲೆಕ್ಕ. ಅದು ಡಾಕ್ಟರುಗಳು ಅಳೆದು ತೂಗಿ ಹೇಳಿದ್ದಲ್ಲ. 1964ರಲ್ಲಿ ಟೋಕಿಯೊ ಒಲಿಂಪಿಕ್ಸ್ ನಡೆಯಿತು. ಮರುವರ್ಷ ಜಪಾನಿನ ಕಂಪನಿಯೊಂದು ಸೊಂಟಕ್ಕೆ ಸಿಕ್ಕಿಸಿಕೊಂಡು ಹೆಜ್ಜೆ ಎಣಿಸುವ ಯಂತ್ರವನ್ನು ಮಾರಾಟಕ್ಕೆ ತಂದಿತು. ಯಂತ್ರದ ಹೆಸರಿನಲ್ಲೇ ಹತ್ತು ಸಾವಿರ ಹೆಜ್ಜೆ ಸೇರಿತ್ತು. ದುಂಡು ಸಂಖ್ಯೆ, ಎಲ್ಲರ ಬಾಯಲ್ಲೂ ಕೂತುಬಿಟ್ಟಿತು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ಬೇರೆ. ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಮಟ್ಟದ ಚಟುವಟಿಕೆ ಇರಲಿ, ಜೊತೆಗೆ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಬರುವ ಕೆಲಸ ಇರಲಿ. 65 ದಾಟಿದವರು ಮೂರು ದಿನವಾದರೂ ಸಮತೋಲನವನ್ನೂ ಬಲವನ್ನೂ ಬೆಳೆಸುವ ಬಗೆಬಗೆಯ ವ್ಯಾಯಾಮ ಮಾಡಲಿ. ಬಗೆಬಗೆಯ ಅನ್ನುವುದನ್ನು ಗಮನಿಸಿ. ಪಾರ್ಕಿನಲ್ಲಿ ಸುತ್ತು ಹಾಕುವುದು ಒಂದೇ ಬಗೆ.

ನಾನು ಬಿಎಂಟಿಸಿಯಲ್ಲಿ ಕಂಡಕ್ಟರ್ ಆಗಿದ್ದು ನಿವೃತ್ತಳಾದವಳು. ಹುಟ್ಟೂರು ಮಳವಳ್ಳಿ ತಾಲ್ಲೂಕು, ಈಗಿರುವುದು ಲಗ್ಗೆರೆಯಲ್ಲಿ. ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಹೋಗುವ 500ಡಿಯಲ್ಲಿ ಸಂಜೆ ಹೊತ್ತು ಟಿಕೆಟ್ ಕೊಟ್ಟವರಿಗೆ ಗೊತ್ತು, ಅದು ಕುಸ್ತಿಗಿಂತ ಕಮ್ಮಿ ಅಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಡ್ರೈವರ್ ಬ್ರೇಕ್ ಹಾಕಿದಾಗಲೆಲ್ಲ ಯಾರದಾದರೂ ಮಡಿಲಲ್ಲಿ ಕೂರುತ್ತಿದ್ದೆ. ಬರಬರುತ್ತ ಕಾಲು ತಾನೇ ಕಲಿತುಕೊಂಡಿತು. ಪಾದ ಸ್ವಲ್ಪ ಅಗಲಿಸಿ, ಮಂಡಿ ಸಡಿಲ ಬಿಟ್ಟು, ಸೊಂಟವನ್ನು ಸೀಟಿನ ಅಂಚಿಗೆ ಆನಿಸಿ ನಿಂತರೆ ಎರಡೂ ಕೈ ಟಿಕೆಟಿಗೆ ಸಿಗುತ್ತವೆ. ತಿರುವು ಬರುವ ಮೊದಲೇ ಮೈ ವಾಲಿಕೊಳ್ಳುತ್ತದೆ. ಶಕ್ತಿ ಯೋಜನೆ ಬಂದ ಮೇಲೆ ಬಸ್ಸು ಎಷ್ಟು ತುಂಬಿದರೂ ನಾನು ಬಿದ್ದವಳಲ್ಲ.

ಆದರೆ ಅಷ್ಟು ಕಲಿತ ಮೇಲೆ ಮೈ ಹೊಸದೇನನ್ನೂ ಕಲಿಯಲಿಲ್ಲ. ಅದರ ಅಗತ್ಯವೇ ಬರಲಿಲ್ಲ. ನಿವೃತ್ತಿಯ ಹೊತ್ತಿಗೆ ನೋಡಿದರೆ ಬ್ಯಾಗು ಹಾಕುತ್ತಿದ್ದ ಕಡೆಯ ಭುಜ ಮೇಲಕ್ಕೇಳದು. ಅಟ್ಟದ ಮೇಲಿನ ಡಬ್ಬ ತೆಗೆಯಲು ಸೊಸೆಯನ್ನು ಕರೆಯಬೇಕು. ನೆಲದ ಮೇಲೆ ಊಟಕ್ಕೆ ಕೂತರೆ ಏಳಲು ಎರಡೂ ಕೈ ಊರಬೇಕು. ಇಷ್ಟು ವರ್ಷ ನಿಂತು ದುಡಿದ ಮೈ, ಗಟ್ಟಿ ಇದೆ ಅಂತ ಎಲ್ಲರೂ ಹೇಳುತ್ತಿದ್ದರು. ಗಟ್ಟಿ ಇತ್ತು, ನಿಲ್ಲುವುದಕ್ಕೆ ಮಾತ್ರ.

ಪಾರ್ಕಿಗೂ ಹೋದೆ. ಅದೇ ಸಿಮೆಂಟು ದಾರಿ, ಅದೇ ಜೊತೆ, ಅದೇ ಸೊಸೆಯರ ಸುದ್ದಿ. ಮೊದಮೊದಲು ಬೆವರು ಬರುತ್ತಿತ್ತು, ಆಮೇಲೆ ಅದೂ ನಿಂತಿತು. ಇದಕ್ಕೆ ಕಾರಣ ಸರಳ. ಯಾವ ಕೆಲಸವನ್ನೇ ಆಗಲಿ ದಿನವೂ ಒಂದೇ ಥರ ಮಾಡಿದರೆ ಮೈ ಜಿಪುಣತನ ಕಲಿಯುತ್ತದೆ. ಹೊಸಬನಾಗಿದ್ದಾಗ ಬೇಕಿಲ್ಲದ ಸ್ನಾಯುಗಳನ್ನೂ ಬಿಗಿ ಹಿಡಿಯುತ್ತೇವೆ, ಉಸಿರು ಕಟ್ಟುತ್ತೇವೆ, ಬೇಗ ಸುಸ್ತಾಗುತ್ತೇವೆ. ಪಳಗಿದ ಮೇಲೆ ಬೇಕಾದ ಸ್ನಾಯು ಮಾತ್ರ, ಬೇಕಾದಷ್ಟು ಮಾತ್ರ ದುಡಿಯುತ್ತದೆ. ಬಸ್ಸಿನಲ್ಲಿ ಇದು ವರ. ವ್ಯಾಯಾಮದಲ್ಲಿ ಹೀಗಾದರೆ ಇದ್ದಲ್ಲೇ ಇರುತ್ತೇವೆ. ಇನ್ನೂ ಬೆಳೆಯಬೇಕು ಅಂದರೆ ವೇಗವನ್ನೋ ಭಾರವನ್ನೋ ಹೆಚ್ಚಿಸಬೇಕು, ಇಲ್ಲವೇ ಮೈಗೆ ಗೊತ್ತೇ ಇಲ್ಲದ ಕೆಲಸ ಕೊಡಬೇಕು. ನನಗೆ ಎರಡನೆಯದು ಹಿಡಿಸಿತು, ಯಾಕೆಂದರೆ ಅದರಲ್ಲಿ ಬೇಸರ ಇಲ್ಲ.

ಹೊಸದು ಏನು ಅಂತ ಯೋಚಿಸಿದಾಗ ಮೊದಲು ನೆನಪಾದದ್ದು ನೀರು. ನಮ್ಮೂರ ಕಡೆ ವಿ.ಸಿ. ನಾಲೆ ಹರಿಯುತ್ತದೆ. ಗಂಡುಹುಡುಗರು ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿತು, ಆಮೇಲೆ ನಾಲೆಗೆ ಧುಮುಕುತ್ತಿದ್ದರು. ನಾವು ಹುಡುಗಿಯರು ದಡದಲ್ಲಿ ಬಟ್ಟೆ ಒಗೆಯುತ್ತಿದ್ದೆವು. ಅಷ್ಟು ನೀರಿದ್ದ ಊರಿನಲ್ಲಿ ಬೆಳೆದು ಈಜು ಬಾರದು ಅಂದರೆ ನಂಬುತ್ತೀರಾ? ನಮ್ಮ ಕಾಲದ ಹೆಣ್ಣುಮಕ್ಕಳನ್ನು ಕೇಳಿ ನೋಡಿ, ಬಹುಪಾಲು ಇದೇ ಕಥೆ.

ಈಜುಕೊಳದ ಕೌಂಟರಿನಲ್ಲಿ ಅರ್ಜಿ ಕೇಳಿದೆ. ಒಳಗಿದ್ದವರು ತಲೆ ಎತ್ತದೆ, “ಮಗುವಿನ ವಯಸ್ಸೆಷ್ಟು?” ಅಂದರು. “ಅರುವತ್ತು ದಾಟಿದೆ” ಅಂದೆ. ಆಗ ತಲೆ ಎತ್ತಿದರು. ಪಾಪ, ಅವರದೇನೂ ತಪ್ಪಿಲ್ಲ. ಅವರ ಹಿಂದಿನ ಗೋಡೆಯ ಮೇಲಿದ್ದ ಬೋರ್ಡಿನಲ್ಲಿ ‘5ರಿಂದ 15 ವರ್ಷ’ ಎಂದೇ ಬರೆದಿತ್ತು. ಹೆಂಗಸರಿಗೆ ಬೇರೆ ಸಮಯ ಇತ್ತು, ಆದರೆ ಅದು ಈಜು ಬಲ್ಲ ಹೆಂಗಸರಿಗೆ. ಈಜು ಬಾರದ ದೊಡ್ಡವರಿಗೆ ಯಾವ ಸಾಲೂ ಇರಲಿಲ್ಲ. ಕೊನೆಗೆ ಮಕ್ಕಳ ಬ್ಯಾಚಿನ ಅಂಚಿನಲ್ಲಿ, ಆಳವಿಲ್ಲದ ಕಡೆ, ನನಗೊಂದು ಜಾಗ ಮಾಡಿಕೊಟ್ಟರು. ಮನೆಯಲ್ಲಿ ಮಗ “ಅಮ್ಮಾ, ಬೇಕಾ ಇದೆಲ್ಲ?” ಅಂದ. ಸೊಸೆ ಮಾತ್ರ ಮೊಬೈಲ್ ತೆಗೆದು, “ಅತ್ತೆ, ಮಂಡಿ ಮುಚ್ಚೋದು ಇದೆ, ಎಕ್ಸ್‌ಎಲ್ ಸಾಕಾ?” ಅಂತ ಕೇಳಿದಳು.

ನೀರಿಗಿಳಿದ ಮೇಲೆ ಗೊತ್ತಾಯಿತು, ಬಸ್ಸು ಕಲಿಸಿದ್ದೆಲ್ಲ ಇಲ್ಲಿ ಉಲ್ಟಾ. ಬಸ್ಸಿನಲ್ಲಿ ಕಾಲೂರಿ ನಿಲ್ಲುವುದೇ ಕೆಲಸ, ಇಲ್ಲಿ ಕಾಲು ಊರಬಾರದು. ಅಲ್ಲಿ ತಲೆ ಎತ್ತಿ ಹಿಂದಿನ ಬಾಗಿಲು ನೋಡುತ್ತಿರಬೇಕು, ಇಲ್ಲಿ ತಲೆ ಎತ್ತಿದರೆ ಕಾಲು ಮುಳುಗುತ್ತದೆ. ಗಾಳಿ ಇರುವುದು ಎದೆಯೊಳಗೆ, ಹಾಗಾಗಿ ಎದೆ ತೇಲುತ್ತದೆ, ಕಾಲು ಕೆಳಗೆಳೆಯುತ್ತದೆ. ತಲೆ ತಗ್ಗಿಸಿ ಎದೆಯನ್ನು ನೀರಿಗೆ ಒತ್ತಿದರೆ ಸೊಂಟ ತಾನೇ ಮೇಲೆ ಬರುತ್ತದೆ. ಕೇಳಲು ಸುಲಭ. ಮುಖ ನೀರಿನೊಳಗಿರುವಾಗ ಇದನ್ನು ನಂಬುವುದು ಕಷ್ಟ. ಕೋಚ್ ನನ್ನ ಮಗನಿಗಿಂತ ಚಿಕ್ಕವನು. “ಅಮ್ಮಾ, ನೀರನ್ನ ಹಿಡ್ಕೋಬೇಡಿ, ಅದು ಕಂಬ ಅಲ್ಲ” ಅನ್ನುತ್ತಿದ್ದ.

ಕಿಕ್ ಬೋರ್ಡ್ ಹಿಡಿದು ಕಾಲು ಬಡಿಯುವುದು ಮುಂದಿನ ಪಾಠ. ಪಕ್ಕದ ಮಕ್ಕಳು ಸರಸರ ಮುಂದೆ ಹೋದರು. ನಾನು ಹಿಂದಕ್ಕೆ ಹೋದೆ! ತಮಾಷೆಗೆ ಹೇಳುತ್ತಿಲ್ಲ. ಪಾದದ ಗಿಣ್ಣು ಬಿಗಿಯಾಗಿರುವವರಿಗೆ ಹೀಗಾಗುತ್ತದಂತೆ. ಪಾದ ಹಿಂದಕ್ಕೆ ಚಾಚಿಕೊಂಡರೆ ನೀರನ್ನು ಹಿಂದಕ್ಕೆ ತಳ್ಳುತ್ತದೆ, ಮೈ ಮುಂದೆ ಹೋಗುತ್ತದೆ. ಗಿಣ್ಣು ಮಡಚಿಕೊಂಡೇ ಇದ್ದರೆ ನೀರನ್ನು ಮುಂದಕ್ಕೆ ಎಳೆಯುತ್ತದೆ, ಮೈ ಹಿಂದೆ ಸರಿಯುತ್ತದೆ. ಬಸ್ಸಿನ ಬ್ರೇಕಿಗೆ ಬಿಗಿ ಹಿಡಿದೂ ಹಿಡಿದೂ ಗಟ್ಟಿಯಾದ ಗಿಣ್ಣು ನನ್ನದು. ಮನೆಯಲ್ಲಿ ಟಿವಿ ನೋಡುವಾಗ ಪಾದ ಚಾಚುವುದು, ಮಡಿಸುವುದು, ತಿರುಗಿಸುವುದು ಶುರುವಾಯಿತು. ಆಮೇಲೆ ಉಸಿರು. ಮೂಗು ಬಾಯಿಯಿಂದ ನೀರಿನೊಳಗೇ ಪೂರ್ತಿ ಬಿಡಬೇಕು, ಮುಖ ಪಕ್ಕಕ್ಕೆ ತಿರುಗಿಸಿದಾಗ ಎಳೆದುಕೊಳ್ಳಬೇಕು. ನಾನು ಒಳಗೆ ಬಿಡದೆ ಹಿಡಿದಿಟ್ಟು, ಮೇಲೆ ಬಂದಾಗ ಬಿಡುವುದಕ್ಕೂ ಎಳೆಯುವುದಕ್ಕೂ ಒಟ್ಟಿಗೆ ಪರದಾಡುತ್ತಿದ್ದೆ. ಪಕ್ಕದ ಸಾಲಿನ ಒಬ್ಬ ಪುಟಾಣಿ, ಮುಂದಿನ ಹಲ್ಲು ಬಿದ್ದವನು, “ಅಜ್ಜಿ, ಬಬಲ್ಸ್ ಬಿಡಿ, ಬಬಲ್ಸ್” ಅಂತ ಹೇಳಿಕೊಟ್ಟ. ಅವನ ಮಾತು ಕೋಚ್ ಮಾತಿಗಿಂತ ಬೇಗ ತಲೆಗೆ ಹೋಯಿತು.

ಈಗ ಕೊಳದ ಅಗಲವನ್ನು ನಿಲ್ಲದೆ ದಾಟುತ್ತೇನೆ. ಉದ್ದ ಇನ್ನೂ ಆಗಿಲ್ಲ. ಆದರೆ ಏಳದ ಭುಜ ಎದ್ದಿದೆ. ಅಟ್ಟದ ಡಬ್ಬಕ್ಕೆ ಯಾರನ್ನೂ ಕರೆಯುತ್ತಿಲ್ಲ. ಮಂಡಿನೋವಿಗೆ ಹೆದರಿ ಮನೆಯಲ್ಲಿ ಕೂತಿರುವ ನನ್ನ ಹಳೆಯ ಸಹೋದ್ಯೋಗಿಗಳಿಗೆ ಇದನ್ನೇ ಹೇಳುತ್ತೇನೆ: ಎದೆಮಟ್ಟದ ನೀರಿನಲ್ಲಿ ನಿಂತರೆ ಮೈಭಾರದ ಬಹುಪಾಲು ನೀರೇ ಹೊರುತ್ತದೆ, ಮಂಡಿಗೆ ತ್ರಾಸವಿಲ್ಲ. ಹೃದಯದ ತೊಂದರೆ, ಬಿಪಿ ಇರುವವರು ಮೊದಲು ಡಾಕ್ಟರನ್ನು ಕೇಳಲಿ. ಅದು ಬೇರೆ ಮಾತು.

ಈಜು ಸ್ವಲ್ಪ ಹತ್ತಿದ ಮೇಲೆ ಧೈರ್ಯ ಬಂತು. ಭಾನುವಾರ ಒಂದು ಸಮುದಾಯ ಭವನದಲ್ಲಿ ಕಂಸಾಳೆ ಹೇಳಿಕೊಡುತ್ತಾರೆ ಅಂತ ತಿಳಿಯಿತು. ಮಳವಳ್ಳಿ ಕಡೆಯವಳಿಗೆ ಕಂಸಾಳೆ ಹೊಸದಾ ಅನ್ನಬೇಡಿ. ನೋಡಿದ್ದು ಬೇಕಾದಷ್ಟು. ಮಾದಪ್ಪನ ಗುಡ್ಡರು ಮನೆ ಮುಂದೆ ಬಂದು ಹಾಡುತ್ತಿದ್ದರು. ನಮ್ಮ ಕೈಗೆ ಆ ಕಂಚು ಬಂದಿರಲಿಲ್ಲ, ಅಷ್ಟೆ. ಎಡ ಅಂಗೈಯಲ್ಲಿ ಬಟ್ಟಲು, ಬಲಗೈಯಲ್ಲಿ ದಾರ ಕಟ್ಟಿದ ತಟ್ಟೆ. ಕೂತು ತಾಳ ಹಾಕುವುದೇ ಸಾಕಷ್ಟು ಕಷ್ಟ. ಆಮೇಲೆ ಬಗ್ಗಿ ಕಾಲಿನ ಕೆಳಗೆ, ತಿರುಗಿ ಬೆನ್ನ ಹಿಂದೆ, ತಲೆಯ ಮೇಲೆ. ತಾಳ ಮಾತ್ರ ತಪ್ಪಬಾರದು. ಕಾಲು ಒಂದು ಲೆಕ್ಕ, ಕೈ ಇನ್ನೊಂದು ಲೆಕ್ಕ. ಕಲಿಯಲು ಬಂದವರಲ್ಲಿ ಕಾಲೇಜು ಹುಡುಗಿಯರೇ ಜಾಸ್ತಿ. ಮೊದಲ ವಾರ ತೊಡೆ ಹಿಡಿದುಕೊಂಡು ಮೆಟ್ಟಿಲು ಇಳಿದೆ. ಅರೆಮಂಡಿಯಲ್ಲಿ ಅಷ್ಟು ಹೊತ್ತು ಯಾವತ್ತು ನಿಂತಿದ್ದೆ ನಾನು?

ಕೈ ಕಣ್ಣು ಎರಡನ್ನೂ ಹೀಗೆ ಪೇಚಿಗೆ ಸಿಕ್ಕಿಸುವ ಕೆಲಸ ಕಲಿತರೆ ಮಿದುಳಿಗೆ ಏನಾಗುತ್ತದೆ ಅಂತ ಜರ್ಮನಿಯಲ್ಲಿ ನೋಡಿದ್ದಾರೆ. ಮೂರು ಚೆಂಡುಗಳನ್ನು ಒಂದಾದ ಮೇಲೊಂದು ಎಸೆದು ಹಿಡಿಯುವ ಆಟವನ್ನು ಯುವಕರಿಗೆ ಮೂರು ತಿಂಗಳು ಕಲಿಸಿದರು. ಮಿದುಳಿನಲ್ಲಿ ಚಲನೆಯನ್ನು ಗುರುತಿಸುವ ಭಾಗ ಸ್ವಲ್ಪ ದಪ್ಪಗಾಗಿತ್ತು. ಆಟ ಬಿಟ್ಟ ಮೇಲೆ ಆ ಹೆಚ್ಚಳ ಇಳಿಯಿತು. ಇದು 2004ರ ಮಾತು. ನನಗೆ ಖುಷಿ ಕೊಟ್ಟದ್ದು 2008ರದ್ದು. ಅದೇ ಪರೀಕ್ಷೆಯನ್ನು ಅರುವತ್ತರ ಆಸುಪಾಸಿನವರ ಮೇಲೆ ಮಾಡಿದರು. ಯುವಕರಷ್ಟು ಚೆನ್ನಾಗಿ ಕಲಿಯಲು ಅವರಿಗೆ ಆಗಲಿಲ್ಲ. ಆದರೂ ಮಿದುಳು ಬದಲಾಗಿತ್ತು. ಅಂದರೆ ಕಲಿತು ಪಾಸಾಗಲೇಬೇಕು ಅಂತಿಲ್ಲ, ಕಲಿಯಲು ಒದ್ದಾಡಿದರೂ ಸಿಗುವುದು ಸಿಗುತ್ತದೆ. ನನ್ನ ಕಂಸಾಳೆ ಗುರುಗಳು ಇದನ್ನು ಒಪ್ಪುವುದಿಲ್ಲ. ಅವರಿಗೆ ತಾಳ ತಪ್ಪಬಾರದು, ಅಷ್ಟೇ.

ಕಂಠೀರವ ಕ್ರೀಡಾಂಗಣದ ಆವರಣದಲ್ಲಿ ಹತ್ತುವ ಗೋಡೆ ಇದೆ. ತಂಗಿಯ ಮಗಳು ಅಲ್ಲಿಗೆ ಹೋಗುತ್ತಾಳೆ. “ಬನ್ನಿ ದೊಡ್ಡಮ್ಮ” ಅಂತ ಕರೆದುಕೊಂಡು ಹೋದಳು. ಸೊಂಟಕ್ಕೂ ತೊಡೆಗೂ ಪಟ್ಟಿ ಬಿಗಿದು, ಹಗ್ಗ ಕಟ್ಟಿ, ಕೆಳಗೆ ಒಬ್ಬರು ಹಗ್ಗ ಹಿಡಿದು ನಿಲ್ಲುತ್ತಾರೆ. ಎಲ್ಲರೂ ಕೈಯಿಂದ ಎಳೆದುಕೊಂಡು ಹತ್ತಲು ನೋಡುತ್ತಾರೆ, ನಿಜಕ್ಕೂ ಹತ್ತಿಸುವುದು ಕಾಲು. ನಾನು ಎರಡಾಳೆತ್ತರ ಹೋಗಿ ಇಳಿದೆ. ಅದಕ್ಕಿಂತ ಮೇಲೆ ನನಗೆ ಆಸೆಯೂ ಇರಲಿಲ್ಲ. ಝುಂಬಾಕ್ಕೂ ಹೋದೆ. ಆ ಸದ್ದು ನನಗೆ ಆಗಿಬರಲಿಲ್ಲ. ಪೀಣ್ಯದ ಸಿಗ್ನಲ್‌ನಲ್ಲಿ ನಿಂತು ಕೇಳಿದ ಹಾರನ್ ಸಾಕು ಈ ಜನ್ಮಕ್ಕೆ. ಇಷ್ಟವಾದವರು ಮಾಡಲಿ.

ನನ್ನ ಮಾತು ನಂಬದವರಿಗೆ ಒಂದು ಸಣ್ಣ ಪರೀಕ್ಷೆ ಇದೆ. ಗೋಡೆ ಹತ್ತಿರ ಇರಲಿ, ಆದರೆ ಹಿಡಿಯಬೇಡಿ. ಬರಿಗಾಲಲ್ಲಿ ಒಂದು ಕಾಲ ಮೇಲೆ ನಿಂತು, ಇನ್ನೊಂದು ಪಾದವನ್ನು ನಿಂತ ಕಾಲಿನ ಹಿಂಭಾಗಕ್ಕೆ ತಾಗಿಸಿ, ಕೈ ಕೆಳಗೆ ಬಿಟ್ಟು, ನೇರ ನೋಡುತ್ತ 10 ಸೆಕೆಂಡ್ ನಿಲ್ಲಿ. ಬ್ರೆಜಿಲ್‌ನಲ್ಲಿ 51ರಿಂದ 75 ವಯಸ್ಸಿನ 1,702 ಜನರನ್ನು ಹೀಗೆ ನಿಲ್ಲಿಸಿ ನೋಡಿದ್ದರು. ಐದರಲ್ಲಿ ಒಬ್ಬರಿಗೆ ಆಗಲಿಲ್ಲ. 2022ರಲ್ಲಿ ಅದು ಪ್ರಕಟವಾಯಿತು. ನಿಲ್ಲಲಾಗದವರಲ್ಲಿ ಮುಂದಿನ ವರ್ಷಗಳಲ್ಲಿ ಸಾವು ಜಾಸ್ತಿ ಇತ್ತು. ಒಂಟಿಕಾಲಲ್ಲಿ ನಿಂತರೆ ಆಯಸ್ಸು ಬೆಳೆಯುತ್ತದೆ ಅಂತ ಇದರ ಅರ್ಥವಲ್ಲ. ಸಮತೋಲನ ಕೈಕೊಟ್ಟರೆ ಅದರ ಹಿಂದೆ ಬೇರೆ ತೊಂದರೆಗಳೂ ಇರಬಹುದು. ಆದರೆ ದಿನಾ ನಡೆಯುವ ನಮ್ಮ ಪಾರ್ಕಿನ ಗುಂಪಿನಲ್ಲಿ ಇದನ್ನು ಮಾಡಿಸಿ ನೋಡಿದೆ. ಗಟ್ಟಿಮುಟ್ಟಾಗಿ ಕಾಣುವ ಇಬ್ಬರು ಬೆಂಚು ಹಿಡಿದುಕೊಂಡರು. ನೇರ ದಾರಿಯಲ್ಲಿ ನಡೆಯುವುದು ಒಂದು ವಿದ್ಯೆ, ಒಂಟಿಕಾಲಲ್ಲಿ ನಿಲ್ಲುವುದು ಇನ್ನೊಂದು.

ಈಗ ಬೇಡಿಕೆಯ ಮಾತು.

ಈ ಊರಿನಲ್ಲಿ ದೊಡ್ಡವರು ಬಲ್ಲದ್ದನ್ನು ಮತ್ತೆ ಮತ್ತೆ ಮಾಡಲು ಜಾಗ ಬೇಕಾದಷ್ಟಿದೆ. ಬಾರದ್ದನ್ನು ಕಲಿಯಲು ಜಾಗ ಇಲ್ಲ. ಬೇಸಿಗೆ ಶಿಬಿರ ಮಕ್ಕಳಿಗೆ. ಸ್ಕೇಟಿಂಗ್, ಕರಾಟೆ, ಜಿಮ್ನಾಸ್ಟಿಕ್ಸ್ ಎಲ್ಲ ಮಕ್ಕಳಿಗೆ. ದೊಡ್ಡವರಿಗೆ ಪಾರ್ಕಿನ ಮೂಲೆಯಲ್ಲಿ ಕಬ್ಬಿಣದ ಬಯಲು ಜಿಮ್ ಹಾಕಿ ಕೈತೊಳೆದುಕೊಳ್ಳುತ್ತಾರೆ. ಅದನ್ನು ಹೇಗೆ ಬಳಸಬೇಕು ಅಂತ ಹೇಳುವವರಿಲ್ಲ, ಎಲ್ಲರೂ ಅದರ ಮೇಲೆ ನಿಂತು ಸುಮ್ನೆ ಜೋಕಾಲಿ ಆಡುತ್ತಾರೆ. ಖಾಸಗಿ ಜಿಮ್‌ಗೆ ಹೋದರೆ ವರ್ಷದ ದುಡ್ಡು ಒಟ್ಟಿಗೆ ಕೇಳುತ್ತಾರೆ. ನನ್ನ ಗೆಳತಿಯೊಬ್ಬಳು ಹೀಗೆ ಕಟ್ಟಿದಳು. ಎರಡನೇ ವಾರಕ್ಕೆ ಬೆನ್ನು ಹಿಡಿಯಿತು. ದುಡ್ಡು ವಾಪಸ್ ಬರಲಿಲ್ಲ, ಅವಳೂ ವಾಪಸ್ ಹೋಗಲಿಲ್ಲ. ಹಿಡಿಸುತ್ತದೋ ಇಲ್ಲವೋ ಗೊತ್ತಾಗುವ ಮೊದಲೇ ವರ್ಷದ ದುಡ್ಡು ಕೊಡು ಅಂದರೆ ಯಾರು ಹೊಸದಕ್ಕೆ ಕೈ ಹಾಕುತ್ತಾರೆ?

ಮೊದಲು ಹೀಗಿರಲಿಲ್ಲ ಈ ಊರು. ಪೇಟೆಯ ಗರಡಿಗಳಲ್ಲಿ ಕೆಲಸ ಮುಗಿಸಿ ಬಂದ ದೊಡ್ಡ ಗಂಡಸರು ದಂಡ, ಬಸ್ಕಿ ಹೊಡೆದು ಸಾಮು ಮಾಡುತ್ತಿದ್ದರು. ಬೆಂಗಳೂರು ಕರಗದಲ್ಲಿ ಕತ್ತಿ ಹಿಡಿದು ಸಾಗುವ ವೀರಕುಮಾರರಿಗೂ ಗರಡಿಯ ನಂಟು ಉಂಟು. ಹೆಂಗಸರಿಗೆ ಅಲ್ಲಿ ಪ್ರವೇಶ ಇರಲಿಲ್ಲ, ಅದು ಇನ್ನೊಂದು ಜಗಳ. ಜೆ.ಸಿ. ರಸ್ತೆಯಲ್ಲಿ ವ್ಯಾಯಾಮಶಾಲೆ ನಡೆಸಿದ ಕೆ.ವಿ. ಅಯ್ಯರ್ ಅವರನ್ನು ನಿಮ್ಮ ಓದುಗರು ಕಾದಂಬರಿಕಾರರಾಗಿ ಬಲ್ಲರು. ಅವರು ಕಬ್ಬಿಣದ ಭಾರ ಎತ್ತುವುದನ್ನೂ ಸೂರ್ಯ ನಮಸ್ಕಾರವನ್ನೂ ಒಂದೇ ಸೂರಿನಡಿ ಕಲಿಸಿದವರು. ಇದು ನಮ್ಮದು, ಅದು ಅವರದು ಅಂತ ಭೇದ ಮಾಡಲಿಲ್ಲ. ದೂರದವರಿಗೆ ಅಂಚೆಯಲ್ಲಿ ಪಾಠ ಕಳಿಸುತ್ತಿದ್ದರು.

ಜಾಗ ಇಲ್ಲ ಅನ್ನುವವರಿಗೆ ಮಲ್ಲೇಶ್ವರದ ಕೆನರಾ ಯೂನಿಯನ್ ನೆನಪಿಸುತ್ತೇನೆ. ಪ್ರಕಾಶ್ ಪಡುಕೋಣೆ ಷಟಲ್ ಕಲಿತದ್ದು ಅಲ್ಲಿನ ಮದುವೆ ಹಾಲ್‌ನಲ್ಲಿ. ಮದುವೆ ಇದ್ದ ದಿನ ಆಟ ಇಲ್ಲ. ಹಾಗೆ ಕಲಿತವರು 1980ರಲ್ಲಿ ಆಲ್ ಇಂಗ್ಲೆಂಡ್ ಷಟಲ್ ಪಂದ್ಯಾವಳಿ ಗೆದ್ದರು. ಇವತ್ತು ಬೆಂಗಳೂರಿನಲ್ಲಿ ಬಡಾವಣೆಗೆ ಎಷ್ಟು ಚೌಟ್ರಿ, ಎಷ್ಟು ಸಮುದಾಯ ಭವನ! ಆಷಾಢದಲ್ಲಿ ಪೂರ್ತಿ ತಿಂಗಳು ಬೀಗ. ಧನುರ್ಮಾಸದಲ್ಲಿ ಮತ್ತೆ ಬೀಗ. ನಡುವೆಯೂ ಮುಹೂರ್ತ ಇಲ್ಲದ ದಿನಗಳು ಎಷ್ಟೋ. ಪಾಲಿಕೆಯ ಭವನಗಳನ್ನಾದರೂ ಆ ದಿನಗಳಲ್ಲಿ ಬೆಳಿಗ್ಗೆ ಸಂಜೆ ತೆರೆಯಬಹುದಲ್ವಾ? ಕಂಸಾಳೆಗೆ, ಕೋಲಾಟಕ್ಕೆ, ಷಟಲ್‌ಗೆ, ಯೋಗಕ್ಕೆ ಬೇಕಾದದ್ದು ಸಮತಟ್ಟು ನೆಲ ಮತ್ತು ಒಂದು ಸೂರು.

ಎರಡನೆಯದು ಪಾಸು. ಬಸ್ಸಿನಲ್ಲಿ ದಿನದ ಪಾಸು ಕೊಡುತ್ತೇವೆ. ಒಮ್ಮೆ ತೆಗೆದುಕೊಂಡರೆ ಅವತ್ತು ಯಾವ ಬಸ್ಸಾದರೂ ಹತ್ತಬಹುದು, ತಪ್ಪಾದ ಬಸ್ಸು ಹತ್ತಿದರೆ ಇಳಿದು ಇನ್ನೊಂದು ಹಿಡಿಯಬಹುದು. ವ್ಯಾಯಾಮಕ್ಕೂ ಹಾಗೊಂದು ಇರಲಿ. ಪಾಲಿಕೆಯ ಈಜುಕೊಳ, ಷಟಲ್ ಅಂಕಣ, ಸಮುದಾಯ ಭವನದ ತರಗತಿ, ಎಲ್ಲದಕ್ಕೂ ಒಂದೇ ಪಾಸು. ಇವತ್ತು ನೀರು, ನಾಳೆ ಕೋಲಾಟ. ಹಿಡಿಸಿದ್ದಕ್ಕೆ ಆಮೇಲೆ ತಿಂಗಳ ಪಾಸು. ಈಗ ಊರಿಗೆ ಐದು ಪಾಲಿಕೆಗಳಾಗಿವೆ. ಐದರಲ್ಲಿ ಒಂದಾದರೂ ಮೊದಲು ಮಾಡಿ ತೋರಿಸಲಿ. ಹೆಂಗಸರಿಗೆ ಬಸ್ಸಿನ ಖರ್ಚಂತೂ ಇಲ್ಲ, ಲಗ್ಗೆರೆಯಿಂದ ಜಯನಗರಕ್ಕೂ ಹೋಗಿ ಬರುತ್ತೇವೆ. ಸಮಯ ಮಾತ್ರ ನೋಡಿ ಇಡಿ. ಬೆಳಿಗ್ಗೆ ಆರಕ್ಕೆ ತರಗತಿ ಇಟ್ಟು ಹೆಂಗಸರು ಬರಲಿಲ್ಲ ಅಂದರೆ, ಆ ಹೊತ್ತಿಗೆ ಮನೆಯ ಕುಕ್ಕರ್ ಯಾರು ನೋಡುತ್ತಾರೆ?

ಕಲಿಸುವವರ ಬಗ್ಗೆಯೂ ಒಂದು ಮಾತು. ದೊಡ್ಡವರಿಗೆ ಕಲಿಸುವುದು ಮಕ್ಕಳಿಗೆ ಕಲಿಸಿದ ಹಾಗಲ್ಲ. ಮಕ್ಕಳು ಬಿದ್ದರೆ ನಗುತ್ತಾರೆ, ನಾವು ಸುತ್ತ ನೋಡುತ್ತೇವೆ. ಒಂದು ಸಲ ಹೇಳಿದ್ದು ಗೊತ್ತಾಗಲಿಲ್ಲ ಅಂತ ಹೇಳಲು ನಮಗೆ ನಾಚಿಕೆ. ಹಳೆ ನೋವುಗಳಿರುತ್ತವೆ, ಅದನ್ನು ಕೇಳಿ ತಿಳಿದುಕೊಂಡು ಕಲಿಸಬೇಕು. ನನಗೆ ಸಿಕ್ಕ ಹುಡುಗನಂಥ ತಾಳ್ಮೆಯವರು ಇನ್ನೂ ಬೇಕು. ಬೋರ್ಡಿನ ಮೇಲೆ ‘ದೊಡ್ಡವರಿಗೆ, ಏನೂ ಬಾರದವರಿಗೆ’ ಅಂತ ಒಂದು ಸಾಲು ಬರೆದರೂ ಸಾಕು, ಕೌಂಟರ್ ಹತ್ತಿರ ಬರಲು ಅರ್ಧ ಧೈರ್ಯ ಬರುತ್ತದೆ.

ಇದನ್ನೆಲ್ಲ ನೋಡಿಕೊಳ್ಳಲು ಸಿಬ್ಬಂದಿ ಇಲ್ಲ ಅಂತ ಉತ್ತರ ಬರುತ್ತದೆ, ಗೊತ್ತು. ನಿವೃತ್ತ ಕಂಡಕ್ಟರ್‌ಗಳು ಈ ಊರಿನಲ್ಲಿ ಬೇಕಾದಷ್ಟು ಜನ ಇದ್ದೇವೆ. ನಮ್ಮ ವಾರ್ಡಿನಲ್ಲಿ ಶುರು ಮಾಡುವುದಾದರೆ ಪಾಸು ಕೊಡುವ ಕೆಲಸಕ್ಕೆ ನಾನು ಬರುತ್ತೇನೆ. ಸಂಬಳ ಬೇಡ. ಜನ ಚಿಲ್ಲರೆ ತಂದರೆ ಸಾಕು.

ನಿವೃತ್ತ ಕಂಡಕ್ಟರ್,
ಲಗ್ಗೆರೆ, ಬೆಂಗಳೂರು